ಸಾವಿರದಲ್ಲಿ ಒಂದು ವಾಚ್, ಕೇಳೋರು ಯಾರೂ ಇಲ್ಲ: ನನ್ನ ಅನುಭವ

ವಾಚಿನ ಹಿಂಬದಿಯಲ್ಲಿ 412/1000 ಅಂತ ಕೊರೆದಿತ್ತು. ಷೋರೂಮಿನವರು ಅದನ್ನು ತಿರುಗಿಸಿ ತೋರಿಸಿದ ಮೇಲೆ ಅವರು ಹೇಳಿದ ಬೇರೆ ಯಾವ ಮಾತೂ ನನ್ನ ತಲೆಗೆ ಹೋಗಲಿಲ್ಲ. ಇಡೀ ಪ್ರಪಂಚಕ್ಕೆ ಸಾವಿರವೇ ವಾಚು, ಅದರಲ್ಲಿ ಒಂದು ನನ್ನ ಕೈಯಲ್ಲಿದೆ, ಇದರ ಬೆಲೆ ಏರದೆ ಇನ್ನೇನಾಗುತ್ತೆ ಅಂದುಕೊಂಡೆ. ಅದು 2018ರ ದೀಪಾವಳಿ ಸಮಯ. ಜಿಎಸ್‌ಟಿ ಸೇರಿ 4 ಲಕ್ಷ 85 ಸಾವಿರ ಕೊಟ್ಟು ತಂದೆ. ಕಂಪನಿ ಹೆಸರು ಬೇಡ. ಒಳ್ಳೆಯ ಸ್ವಿಸ್ ಕಂಪನಿಯೇ, ವಾಚಿನಲ್ಲೂ ಯಾವ ದೋಷ ಇರಲಿಲ್ಲ.

ಮೂರು ವರ್ಷ ಅದನ್ನು ಕಟ್ಟಲೇ ಇಲ್ಲ. ಗೀರು ಬಿದ್ದರೆ ಬೆಲೆ ಇಳಿಯುತ್ತೆ ಅಂತ ಹಿಂಬದಿಯ ತೆಳು ಪ್ಲಾಸ್ಟಿಕ್ ಕೂಡ ತೆಗೆಯದೆ ಬೀರುವಿನಲ್ಲಿ ಇಟ್ಟಿದ್ದೆ. 2021ರ ಅಕ್ಟೋಬರ್‌ನಲ್ಲಿ ಸೈಟಿನ ನೋಂದಣಿಗೆ ದುಡ್ಡು ಬೇಕಾಯಿತು. ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ವಾಚ್ ಕೊಳ್ಳುವ ಮೂರು ಕಡೆ ತೋರಿಸಿದೆ. ಎಲ್ಲರಿಗಿಂತ ಜಾಸ್ತಿ ಹೇಳಿದವರು 2 ಲಕ್ಷ 60 ಸಾವಿರ ಅಂದರು. ಸಾವಿರದಲ್ಲಿ ಒಂದು ಅಲ್ವಾ ಇದು ಅಂತ ಕೇಳಿದೆ. "ಹೌದು ಸಾರ್, ವಾಚ್ ಚೆನ್ನಾಗೇ ಇದೆ. ಆದ್ರೆ ಇದನ್ನ ಕೇಳ್ಕೊಂಡು ಬರೋರು ಇಲ್ಲ" ಅಂದರು.

ಆ ಒಂದು ಮಾತು ನನಗೆ ಮೊದಲೇ ಯಾರಾದರೂ ಹೇಳಿದ್ದರೆ ಅಂತ ಈಗಲೂ ಅನ್ನಿಸುತ್ತೆ.

ಮನೆಗೆ ಬಂದು ಲೆಕ್ಕ ಹಾಕಿದೆ. ನಾನು ಕೊಟ್ಟ ದುಡ್ಡಿನಲ್ಲಿ ಶೇ. 18ರ ಜಿಎಸ್‌ಟಿಯೇ ಸುಮಾರು 74 ಸಾವಿರ. ಷೋರೂಮಿನ ಬಾಗಿಲು ದಾಟಿದ ಕ್ಷಣವೇ ಅದು ಹೋಯಿತು, ಏಕೆಂದರೆ ಹಳೇ ವಾಚ್ ಕೊಳ್ಳುವವರು ನೀವು ಕಟ್ಟಿದ ತೆರಿಗೆಗೆ ದುಡ್ಡು ಕೊಡೋದಿಲ್ಲ. ಷೋರೂಮಿನ ಲಾಭ ಹೋಯಿತು. ಕೊಳ್ಳುವವರು ತಮ್ಮ ಲಾಭ ಇಟ್ಟುಕೊಂಡೇ ಬೆಲೆ ಹೇಳುತ್ತಾರೆ, ಅದೂ ಹೋಯಿತು. ಇದೆಲ್ಲ ಕಳೆದು ವಾಚಿನ ಬೆಲೆ ಎಷ್ಟು ಏರಿದ್ದರೆ ನನ್ನ ಅಸಲು ಬರುತ್ತಿತ್ತು ಅಂತ ನೋಡಿದರೆ ಎದೆ ಧಸಕ್ಕೆಂದಿತು. ನಾನು ವಾಚ್ ತಂದ ವರ್ಷ ಚಿನ್ನ ಗ್ರಾಂಗೆ ಮೂರು ಸಾವಿರದ ಆಸುಪಾಸು ಇತ್ತು, ಮಾರಲು ಹೋದಾಗ ನಾಲ್ಕೂವರೆ ಸಾವಿರ ದಾಟಿತ್ತು. ಹೆಂಡತಿ ಆವತ್ತು ಬಳೆ ಮಾಡಿಸೋಣ ಅಂದಿದ್ದಳು.

ಕೊನೆಗೆ ನೇರವಾಗಿ ಒಬ್ಬರಿಗೆ 2 ಲಕ್ಷ 75 ಸಾವಿರಕ್ಕೆ ಕೊಟ್ಟೆ. ಆಮೇಲೆ ಗಮನಿಸಿದರೆ, ಅದೇ ಕಂಪನಿ ಪ್ರತಿ ವರ್ಷ ಒಂದಲ್ಲ ಒಂದು ಲಿಮಿಟೆಡ್ ಎಡಿಷನ್ ಬಿಡುತ್ತಲೇ ಇತ್ತು. ಒಂದು ಸಲ ಹಸಿರು ಡಯಲ್, ಇನ್ನೊಂದು ಸಲ ಕಂಚಿನ ಕೇಸ್. ಒಂದೊಂದೂ ಸಾವಿರವೇ ಇರಬಹುದು, ಬೇಕು ಅನ್ನುವವರು ಇನ್ನೂರೇ ಜನ ಇದ್ದರೆ ಆ ಸಾವಿರವೂ ಜಾಸ್ತಿಯೇ.

ಏರಿದವೂ ಇವೆ, ಇಲ್ಲ ಅನ್ನಲ್ಲ. ಸ್ವಿಸ್ ಕಂಪನಿ ಒಮೆಗಾದವರು 2015ರಲ್ಲಿ ತಮ್ಮ ಸ್ಪೀಡ್‌ಮಾಸ್ಟರ್ ವಾಚಿನಲ್ಲೇ ಸಿಲ್ವರ್ ಸ್ನೂಪಿ ಅನ್ನೋದನ್ನು ಬಿಟ್ಟರು, 1,970 ಪೀಸು. ಸ್ನೂಪಿ ಅಂದರೆ ಅಮೆರಿಕದ ಕಾರ್ಟೂನ್ ನಾಯಿ. ನನ್ನದಕ್ಕಿಂತ ಹೆಚ್ಚುಕಡಿಮೆ ಎರಡರಷ್ಟು, ಆದರೂ ಅದರ ಬೆಲೆ ಷೋರೂಮ್ ಬೆಲೆಯ ಹಲವು ಪಟ್ಟು ಆಯಿತು. ಯಾಕೆ? 1970ರಲ್ಲಿ ಅಪೊಲೊ 13 ನೌಕೆ ಕೆಟ್ಟು ವಾಪಸ್ ಬರುವಾಗ ದಾರಿ ಸರಿಪಡಿಸಲು ಎಂಜಿನನ್ನು 14 ಸೆಕೆಂಡ್ ಉರಿಸಬೇಕಿತ್ತು, ಆ 14 ಸೆಕೆಂಡನ್ನು ಗಗನಯಾತ್ರಿಗಳು ಸ್ಪೀಡ್‌ಮಾಸ್ಟರ್ ನೋಡಿ ಅಳೆದರು. ಅದಕ್ಕೇ ನಾಸಾದ ಗಗನಯಾತ್ರಿಗಳು ಒಮೆಗಾಗೆ ಸ್ನೂಪಿ ಪ್ರಶಸ್ತಿ ಕೊಟ್ಟರು. ಈ ವಾಚಿನ ಡಯಲ್ ಮೇಲೆ ಸೊನ್ನೆಯಿಂದ 14ನೇ ಸೆಕೆಂಡಿನವರೆಗೆ ಸಣ್ಣ ಅಕ್ಷರದಲ್ಲಿ, 14 ಸೆಕೆಂಡಲ್ಲಿ ನೀವು ಏನು ಮಾಡಬಲ್ಲಿರಿ ಅಂತ ಬರೆದಿದೆ. ಬಾಹ್ಯಾಕಾಶದ ಹುಚ್ಚು ಇರುವವರು, ಸ್ನೂಪಿ ನೋಡಿ ಬೆಳೆದವರು, ಒಮೆಗಾ ಕೂಡಿಡುವವರು, ಮೂವರಿಗೂ ಅದೇ ಬೇಕು. ಇನ್ನೊಂದು ಸ್ವಿಸ್ ಕಂಪನಿ ಪಾಟೆಕ್ ಫಿಲಿಪ್‌ನ 5711 ಮಾದರಿಯದು ಇನ್ನೂ ದೊಡ್ಡ ಕಥೆ. ಅದನ್ನು ನಿಲ್ಲಿಸುವ ಹೊತ್ತಿನಲ್ಲಿ ಅಮೆರಿಕದ ಆಭರಣ ಕಂಪನಿ ಟಿಫನಿಯ ತಿಳಿನೀಲಿ ಬಣ್ಣದ ಡಯಲ್‌ನ 170 ವಾಚ್ ಮಾಡಿದರು. 2021ರ ಡಿಸೆಂಬರ್‌ನಲ್ಲಿ ಅದರಲ್ಲೊಂದು ನ್ಯೂಯಾರ್ಕ್ ಹರಾಜಿನಲ್ಲಿ 65 ಲಕ್ಷ ಡಾಲರಿಗೆ ಹೋಯಿತು.

ಆ ಸುದ್ದಿ ನೋಡಿ ನನ್ನ ಗೆಳೆಯರೊಬ್ಬರು 2022ರ ಫೆಬ್ರವರಿಯಲ್ಲಿ ಒಂದು ಸ್ಟೀಲ್ ಸ್ಪೋರ್ಟ್ಸ್ ವಾಚನ್ನು ಷೋರೂಮ್ ಬೆಲೆಯ ಎರಡರಷ್ಟು ಕೊಟ್ಟು ತಂದರು. ಬೇಡ ಸ್ವಲ್ಪ ತಡೀರಿ ಅಂದೆ. ಅವರು ಕೇಳಲಿಲ್ಲ. ಕ್ರಿಪ್ಟೊದಲ್ಲಿ ಬಂದ ದುಡ್ಡು, ಕೋವಿಡ್ ಕಾಲದ ಅಗ್ಗದ ಸಾಲ, ಎಲ್ಲ ಸೇರಿ ಉಬ್ಬಿದ ಬೆಲೆ ಅದು. ಆ ವರ್ಷವೇ ಇಳಿಯತೊಡಗಿತು.

ಇನ್ನೊಂದು ಕಡೆ ಎಚ್‌ಎಂಟಿ ನೋಡಿ. 2014ರಲ್ಲಿ ಕಾರ್ಖಾನೆ ಮುಚ್ಚುತ್ತೆ ಅನ್ನೋ ಸುದ್ದಿ ಬಂದಾಗ ನಾನು ಸುಮ್ನೆ ಪ್ರೀತಿಗೆ ಆರು ವಾಚ್ ಕೊಂಡಿದ್ದೆ, ಜನತಾ ಮತ್ತು ಪೈಲಟ್, ಒಂದೊಂದು ಸಾವಿರ ರೂಪಾಯಿಯ ಆಸುಪಾಸು. ಅವು ಲಿಮಿಟೆಡ್ ಎಡಿಷನ್ ಅಲ್ಲವೇ ಅಲ್ಲ, ಮನೆಮನೆಯಲ್ಲಿದ್ದ ವಾಚು. ಆದರೆ ಅಪ್ಪನ ಮೊದಲ ಸಂಬಳದ ವಾಚ್, ಮಾವ ಮದುವೆಗೆ ಕೊಟ್ಟ ವಾಚ್ ಅಂತ ಹುಡುಕಿಕೊಂಡು ಬರುವವರು ಇದ್ದರು. ನಾಲ್ಕನ್ನು ಮೂರು ಮೂರೂವರೆ ಸಾವಿರಕ್ಕೆ ಮಾರಿದೆ. ಒಟ್ಟು ಲಾಭ ಹತ್ತು ಸಾವಿರ ದಾಟಲಿಲ್ಲ, ನಿಜ. ಈಗ ಹೊಸದಾಗಿ ಬಣ್ಣ ಬಳಿದ ಡಯಲ್ ಹಾಕಿದ ಎಚ್‌ಎಂಟಿಗಳೇ ಜಾಸ್ತಿ ಸಿಗುತ್ತವೆ. ಮುಂಬೈ ಸ್ಪೆಷಲ್ ಅಂತಾರೆ. ಅಕ್ಷರದ ಅಂಚು ಮಸುಕಾಗಿರುತ್ತೆ, ಐವತ್ತು ವರ್ಷದ ಡಯಲ್ ನಿನ್ನೆ ಮಾಡಿದ ಹಾಗೆ ಹೊಳೆಯುತ್ತೆ. ಅಂಥದ್ದನ್ನು ಮುಟ್ಟಬೇಡಿ.

ಈಗ ನಾನು ಹೊಸ ವಾಚ್ ಕೊಳ್ಳೋದೇ ಇಲ್ಲ. ಮೊದಲ ಇಳಿತದ ನಷ್ಟ ಬೇರೆಯವರಿಗೆ ಆದ ಮೇಲೆ, ಸೆಕೆಂಡ್ ಹ್ಯಾಂಡ್ ನೋಡುತ್ತೇನೆ. ಬೆಲೆ ತಿಳಿಯಲು ಜನ ಕೇಳುತ್ತಿರುವ ರೇಟ್ ನೋಡಬಾರದು, ನಿಜವಾಗಿ ಮಾರಾಟವಾದ ರೇಟ್ ನೋಡಬೇಕು. ಎರಡಕ್ಕೂ ಬಹಳ ವ್ಯತ್ಯಾಸ ಇರುತ್ತೆ. ಬಾಕ್ಸ್, ವಾರಂಟಿ ಕಾರ್ಡ್, ಬಿಲ್ಲು ಎಲ್ಲ ಇರಬೇಕು. ಕಾರ್ಡಿನ ಮೇಲಿನ ನಂಬರ್ ವಾಚಿನ ನಂಬರಿಗೆ ಹೊಂದಬೇಕು. ಆಮೇಲೆ ಅವೆನ್ಯೂ ರಸ್ತೆ ಕಡೆ ನನಗೆ ಗೊತ್ತಿರುವ ಒಬ್ಬ ರಿಪೇರಿಯವರಿಗೆ ತೋರಿಸುತ್ತೇನೆ. ಅವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಡಯಲ್ ನೋಡುವ ಮೊದಲು, ಬೆಲ್ಟ್ ಸೇರುವ ಆ ನಾಲ್ಕು ಕೊಂಬುಗಳ ಅಂಚಿನ ಮೇಲೆ ಉಗುರು ಆಡಿಸುತ್ತಾರೆ. ಅಂಚು ಚೂಪಾಗಿ ಸಿಕ್ಕರೆ ಸರಿ. ಸೋಪಿನ ತುಂಡಿನ ಹಾಗೆ ಜಾರಿದರೆ, ಪಾಲಿಶ್ ಮಾಡಿ ಮಾಡಿ ಸವೆಸಿದ್ದಾರೆ ಅಂತ ಅರ್ಥ. "ಗೀರು ಇರ್ಲಿ ಸಾರ್, ಪಾಲಿಶ್ ಮಾತ್ರ ಮಾಡಿಸ್ಬೇಡಿ" ಅಂತ ಪ್ರತಿ ಸಲ ಹೇಳುತ್ತಾರೆ.

ಹೀಗೆ 2023ರ ಆರಂಭದಲ್ಲಿ ಒಂದು ಮಾಮೂಲಿ ಸ್ಪೀಡ್‌ಮಾಸ್ಟರ್ ಮೂನ್‌ವಾಚ್ ತಂದೆ. 2021ರಲ್ಲಿ ನಿಲ್ಲಿಸಿದ ಮಾದರಿ, ಕೀ ಕೊಡುವ ವಾಚು, 3 ಲಕ್ಷ 60 ಸಾವಿರ. ಸರ್ವಿಸ್‌ಗೆ 62 ಸಾವಿರ ಆಯಿತು. ಎರಡು ವರ್ಷ ಆದ ಮೇಲೆ ಒಬ್ಬರು 4 ಲಕ್ಷ 40 ಸಾವಿರಕ್ಕೆ ಕೇಳಿದರು. ಕೈಗೆ ಉಳಿಯೋದು 18 ಸಾವಿರ. ಬ್ಯಾಂಕಿನಲ್ಲಿ ಎಫ್‌ಡಿ ಇಟ್ಟಿದ್ದರೆ ಇದರ ಎರಡರಷ್ಟಕ್ಕೂ ಜಾಸ್ತಿ ಬರುತ್ತಿತ್ತು. ಕೊಡಲ್ಲ ಅಂದೆ. ಇದನ್ನು ದಿನಾ ಕಟ್ಟುತ್ತೇನೆ, ಬೆಳಿಗ್ಗೆ ಹಾಲು ಕಾಯುವಷ್ಟು ಹೊತ್ತಿನಲ್ಲಿ ಕೀ ಕೊಟ್ಟು ಮುಗಿಸುತ್ತೇನೆ, ಗಾಜಿನ ಮೇಲೆ ಆಗಲೇ ನಾಲ್ಕೈದು ಗೀರು ಬಿದ್ದಿವೆ.