ದುಡಿದ ಪಗಾರ ಮುಕಾದಮನ ಹತ್ರ ಸಿಕ್ಕಾಕೊಂಡ್ರೆ ಏನ್ ಮಾಡೋದು? ಪುಣೆಯ ಗೌಂಡಿ, ಬಿಗಾರಿಗಳಿಗೆ ಒಂದು ದಾರಿ

ಇಂಡಿ, ಸಿಂದಗಿ, ಅಫಜಲಪುರ, ಆಳಂದ, ಯಾದಗಿರಿ ಕಡೆಯಿಂದ ಪುಣೆಗೆ ಕಟ್ಟಡ ಕೆಲಸಕ್ಕೆ ಬಂದವರ ಪಗಾರ ಒಂದೇ ದಿನಕ್ಕೆ ಮುಳುಗಲ್ಲ, ವಾರವಾರ ಸ್ವಲ್ಪ ಸ್ವಲ್ಪ ಮುಳುಗುತ್ತೆ. ವಾರಕ್ಕೊಮ್ಮೆ ಸಂತೆಗೆ ಅಂತ ಮುಕಾದಮ, ಅಂದ್ರೆ ಆಳುಗಳನ್ನ ಕರ್ಕೊಂಡು ಬಂದು ಕೆಲಸಕ್ಕೆ ಹಚ್ಚೋ ಗುತ್ತಿಗೆದಾರ, ಒಂದಿಷ್ಟು ಖರ್ಚಿ ಕೊಡ್ತಾನೆ, ಉಳಿದಿದ್ದು "ಹಿಸಾಬಿನಾಗ ಐತಲ್ಲ, ಎಲ್ಲಿ ಹೋಗ್ತದ" ಅಂತಾನೆ, ಆ ಹಿಸಾಬು ಮಾಡೋದು ದಸರಾಕ್ಕೋ ಯುಗಾದಿಗೋ ಊರ ಜಾತ್ರೆಗೋ ಹೊರಡೋವಾಗ, ಅಷ್ಟೊತ್ತಿಗೆ ಸ್ಲ್ಯಾಬ್ ಮುಗಿದಿರುತ್ತೆ, ಮುಕಾದಮನ ಫೋನ್ ಸ್ವಿಚ್ ಆಫ್, ಸೈಟ್ ಇಂಜಿನಿಯರ್ ಕೇಳಿದ್ರೆ "ನಾವು ಅವನಿಗೆ ಪೂರಾ ಕೊಟ್ಟೀವಿ, ಅವನ್ನೇ ಹಿಡೀರಿ" ಅಂತಾರೆ. ಮಕ್ಕಳನ್ನ ಕಟ್ಕೊಂಡು ಬರಿಗೈಲಿ ಬಸ್ ಹತ್ತೋರನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ಈ ರೊಕ್ಕ ವಾಪಸ್ ತರೋಕೆ ದಾರಿ ಇದೆ. ಆದ್ರೆ ಒಬ್ಬೊಬ್ಬರೇ ಹೋದ್ರೆ ಆಗಲ್ಲ, ಬರೀ ಮುಕಾದಮನ ಬೆನ್ನು ಹತ್ತಿದ್ರೂ ಆಗಲ್ಲ. ಗುಂಪಾಗಿ, ಬರೆದಿಟ್ಟ ಲೆಕ್ಕ ಹಿಡ್ಕೊಂಡು, ಬಿಲ್ಡರ್ ತನಕ ಹೋಗ್ಬೇಕು.

ಮೊದಲ ಕೆಲಸ: ಹಾಜರಿ ನಿಮ್ಮ ಕೈಯಲ್ಲೇ ಇರಲಿ

ಹಾಜರಿ ಪುಸ್ತಕ ಮುಕಾದಮನ ಜೇಬಲ್ಲಿ ಮಾತ್ರ ಇದ್ರೆ ಜಗಳ ಶುರುವಾಗೋ ಮುಂಚೇನೇ ನೀವು ಸೋತಂಗೆ. ಗುಂಪಲ್ಲಿ ಬರೆಯೋಕೆ ಬರೋರು ಒಬ್ಬರು ದಿನಾ ಸಂಜೆ ಒಂದು ನೋಟ್‌ಬುಕ್ಕಲ್ಲಿ ಎಲ್ಲರದ್ದೂ ಬರೀಲಿ: ತಾರೀಖು, ಸೈಟು, ಯಾರ್ಯಾರು ಬಂದಿದ್ರು, ಪೂರ್ತಿ ದಿನಾನೋ ಅರ್ಧ ದಿನಾನೋ, ಓವರ್‌ಟೈಮ್ ಎಷ್ಟು, ಖರ್ಚಿ ಎಷ್ಟು ತಗೊಂಡ್ರು. ಬರೆದ ಪುಟದ ಫೋಟೋ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕ್ಬಿಡಿ, ಅಲ್ಲಿ ತಾರೀಖು ತಾನೇ ಬೀಳುತ್ತೆ, ಆಮೇಲೆ ಯಾರೂ "ನಿನ್ನೆ ರಾತ್ರಿ ಕೂತು ಬರೆದಿದ್ದು" ಅನ್ನೋಕಾಗಲ್ಲ. ಫೋನ್‌ಪೇಲಿ ಖರ್ಚಿ ಬಂದಿದ್ರೆ ಅದರ ಸ್ಕ್ರೀನ್‌ಶಾಟ್, ಗೇಟ್ ಪಾಸು, ಸೈಟಿನ ಬೋರ್ಡ್ ಕಾಣೋ ಹಂಗೆ ತೆಗೆದ ಫೋಟೋ, ಬಾಕಿ ಕೊಡ್ತೀನಿ ಅಂತ ಮುಕಾದಮ ಕಳಿಸಿದ ವಾಯ್ಸ್ ಮೆಸೇಜ್, ಯಾವುದನ್ನೂ ಡಿಲೀಟ್ ಮಾಡ್ಬೇಡಿ.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು. ಗಂಡ ಹೆಂಡ್ತಿ ಇಬ್ಬರೂ ದುಡಿಯೋ ಕಡೆ ಮುಕಾದಮ ಜೋಡಿ ಲೆಕ್ಕ ಹಿಡೀತಾನೆ, ರೊಕ್ಕ ಗಂಡನ ಕೈಗೆ ಹೋಗುತ್ತೆ, ಹೆಂಡ್ತಿ ಹೆಸರು ಎಲ್ಲೂ ಇರಲ್ಲ. ಇಟ್ಟಿಗೆ ಹೊತ್ತಿದ್ದು ಆಕೆ, ಕಾಗದದಲ್ಲಿ ಆಕೆ ಆ ಸೈಟಿಗೆ ಬಂದೇ ಇಲ್ಲ! ನಾಳೆ ಅರ್ಜಿ ಹಾಕೋವಾಗ ಆಕೆ ಪಾಲು ಮೊದಲು ಬಿಟ್ಟು ಹೋಗುತ್ತೆ. ಹೆಣ್ಮಕ್ಕಳ ಹಾಜರಿ ಅವರವರ ಹೆಸರಲ್ಲೇ ಬರೀರಿ, ಪಗಾರಾನೂ ಅವರ ಖಾತೆಗೇ ಕೇಳಿ.

ಎರಡನೇದು: ಮೇಲೆ ಯಾರಿದ್ದಾರೆ ಪತ್ತೆ ಹಚ್ಚಿ

ಎಷ್ಟೋ ಜನಕ್ಕೆ ಮುಕಾದಮನ ಹೆಸರು ಬಿಟ್ರೆ ಬೇರೆ ಯಾರೂ ಗೊತ್ತಿರಲ್ಲ. ದೊಡ್ಡ ಸೈಟ್ ಆದ್ರೆ ಬೋರ್ಡ್ ಮೇಲೋ ಜಾಹೀರಾತಲ್ಲೋ ಮಹಾರೇರಾ (ಕಟ್ಟಡ ಯೋಜನೆಗಳನ್ನ ನೋಂದಾಯಿಸೋ ಮಹಾರಾಷ್ಟ್ರದ ಪ್ರಾಧಿಕಾರ) ನಂಬರ್ ಇರುತ್ತೆ, ಅದನ್ನ ಮಹಾರೇರಾ ವೆಬ್‌ಸೈಟಲ್ಲಿ ಹಾಕಿದ್ರೆ ಬಿಲ್ಡರ್ ಕಂಪನಿ ಹೆಸರು, ಆಫೀಸ್ ವಿಳಾಸ ಸಿಗುತ್ತೆ. ಅದು ಯಾಕೆ ಬೇಕು ಅಂದ್ರೆ, ಗುತ್ತಿಗೆದಾರ ಪಗಾರ ಕೊಡದೇ ಹೋದ್ರೆ ಕೆಲಸ ಕೊಟ್ಟ ಮೂಲ ಮಾಲೀಕನೇ ಕೊಡ್ಬೇಕು ಅಂತ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಇತ್ತು, ಈಗಿನ ಹೊಸ ಸಂಹಿತೆಯಲ್ಲೂ ಇದೆ. ಅಂದ್ರೆ "ನಾವು ಅವನಿಗೆ ಕೊಟ್ಟಾಗಿದೆ" ಅನ್ನೋದು ಬಿಲ್ಡರ್ ಮತ್ತು ಮುಕಾದಮನ ನಡುವಿನ ತಕರಾರು, ಅದನ್ನ ಅವರವರೇ ಬಗೆಹರಿಸ್ಕೊಳ್ಳಲಿ.

ಮೂರನೇದು: ಎಲ್ಲರೂ ಸೇರಿ ಹೋಗಿ, ಬರವಣಿಗೆಯಲ್ಲಿ ಕೇಳಿ

ಒಂದೇ ಪತ್ರ ಸಾಕು. ಯಾರು, ಎಷ್ಟು ದಿನ, ಯಾವ ರೇಟು, ಖರ್ಚಿ ಎಷ್ಟು ಬಂತು, ಬಾಕಿ ಎಷ್ಟು, ಯಾವ ತಾರೀಖಿನೊಳಗೆ ಕೊಡ್ಬೇಕು, ಕೆಳಗೆ ಎಲ್ಲರ ಸಹಿ ಇಲ್ಲಾ ಹೆಬ್ಬೆಟ್ಟು. ಮರಾಠಿಯಲ್ಲಿ ಇದ್ರೆ ಕೆಲಸ ಸಲೀಸು, ಇಲ್ಲೇ ಶಾಲೆಗೆ ಹೋಗೋ ನಮ್ಮ ಹುಡುಗರು ಚೆನ್ನಾಗಿ ಬರೀತಾರೆ, ಅವರಿಂದ ಬರೆಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಆಫೀಸಿನ ಸಿಕ್ಕಾ ಹಾಕಿಸ್ಕೊಳ್ಳಿ, ತಗೊಳ್ಳಲ್ಲ ಅಂದ್ರೆ ಸ್ಪೀಡ್ ಪೋಸ್ಟಲ್ಲಿ ಕಳಿಸಿ ರಸೀದಿ ಇಟ್ಕೊಳ್ಳಿ.

ಹೋಗೋವಾಗ ಬಾಕಿ ಇರೋರು ಮಾತ್ರ ಹೋಗ್ಬೇಡಿ. ವಾರಜೆ, ಕಾತ್ರಜ್, ಡಾಂಗೆ ಚೌಕದಂಥ ನಾಕಾಗಳಲ್ಲಿ ಬೆಳಗ್ಗೆ ಕೂಲಿ ಕೆಲಸಕ್ಕೆ ಕಾಯ್ತಾ ನಿಲ್ಲೋ ಹಿರಿಯರು, ಕನ್ನಡ ಸಂಘದೋರು, ಕಾರ್ಮಿಕ ಸಂಘಟನೆಯೋರು, ಯಾರು ಸಿಕ್ತಾರೋ ಕರ್ಕೊಂಡು ಹೋಗಿ. ಇನ್ನೂ ಅದೇ ಸೈಟಲ್ಲಿ ಕೆಲಸ ಮಾಡ್ತಿರೋರು ಜೊತೆಗೆ ನಿಂತ್ರೆ ಅದರ ತೂಕಾನೇ ಬೇರೆ, ಮುಂದಿನ ಸ್ಲ್ಯಾಬ್ ಹಾಕೋ ಮುಂಚೆ ಕೇಳಿದ್ದಕ್ಕೆ ಬರೋ ಉತ್ತರ ಸ್ಲ್ಯಾಬ್ ಆದ್ಮೇಲೆ ಬರಲ್ಲ. ಸಿಟ್ಟಲ್ಲಿ ಸೆಂಟ್ರಿಂಗ್ ಪ್ಲೇಟ್ ಎತ್ಕೊಂಡು ಬರೋದು, ಕೈ ಮಾಡೋದು ಬೇಡವೇ ಬೇಡ, ಕಳ್ಳತನದ ಕೇಸ್ ನಿಮ್ಮ ಮೇಲೇ ಬೀಳುತ್ತೆ. ಅರ್ಧ ರೊಕ್ಕ ಕೊಟ್ರೆ ತಗೊಳ್ಳಿ, ಆದ್ರೆ "ಪೂರ್ತಿ ಮುಟ್ಟಿತು" ಅನ್ನೋ ಕಾಗದಕ್ಕೆ, ಖಾಲಿ ಕಾಗದಕ್ಕೆ ಸಹಿ ಹಾಕ್ಬೇಡಿ. ಚೆಕ್ ಕೊಟ್ಟು ಬೌನ್ಸ್ ಆದ್ರೆ ಬ್ಯಾಂಕಿನ ಮೆಮೊ ಬಂದ 30 ದಿನದೊಳಗೆ ನೋಟಿಸ್ ಹೋಗ್ಲೇಬೇಕು, ತಡ ಮಾಡ್ಬೇಡಿ.

ನಾಲ್ಕನೇದು: ಲೇಬರ್ ಆಫೀಸು

ಕೊಟ್ಟ ತಾರೀಖು ದಾಟಿತಾ, ಶಿವಾಜಿನಗರ ವಾಕಡೇವಾಡಿಯ ಲೇಬರ್ ಆಫೀಸಿಗೆ ಅರ್ಜಿ ಹಾಕಿ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆ ಪ್ರಕಾರ ದಿನಗೂಲಿ ಆದ್ರೆ ಆ ದಿನದ ಪಾಳಿ ಮುಗಿದಾಗ, ವಾರದ ಲೆಕ್ಕ ಆದ್ರೆ ವಾರದ ರಜೆಗೆ ಮುಂಚೆ, ತಿಂಗಳದ್ದು ಆದ್ರೆ ಮುಂದಿನ ತಿಂಗಳು 7ನೇ ದಿನದೊಳಗೆ, ಕೆಲಸ ಬಿಟ್ರೆ ಇಲ್ಲಾ ತೆಗೆದ್ರೆ 2 ಕೆಲಸದ ದಿನದೊಳಗೆ ಪಗಾರ ಕೊಡ್ಬೇಕು. ಹಬ್ಬದ ತನಕ ಹಿಡಿದಿಡೋ ಹಿಸಾಬು ಇದರಲ್ಲಿ ಯಾವುದಕ್ಕೂ ಹೊಂದಲ್ಲ. ಎಷ್ಟೇ ಜನ ಇದ್ರೂ ಎಲ್ಲರ ಪರ ಒಂದೇ ಅರ್ಜಿ ಸಾಕು, ಯೂನಿಯನ್ ಕೂಡ ನಿಮ್ಮ ಪರ ಹಾಕ್ಬಹುದು, 3 ವರ್ಷದೊಳಗಿನ ಬಾಕಿ ಕೇಳ್ಬಹುದು, ಅಧಿಕಾರಿ ಬಾಕಿಯ 10 ಪಟ್ಟಿನ ತನಕ ಪರಿಹಾರ ಹಾಕ್ಬಹುದು. ಕೊಟ್ಟಿದ್ದೀವಿ ಅಂತ ಸಾಬೀತು ಮಾಡೋ ಹೊಣೆ ಮಾಲೀಕನದ್ದು. ಹಂಗಂತ ನೋಟ್‌ಬುಕ್ ಬೇಡ ಅಂತಲ್ಲ, ನೀವು ಅಲ್ಲಿ ದುಡಿದಿದ್ದೇ ಸುಳ್ಳು ಅಂತ ಅವರು ಹೇಳಿದಾಗ ಅದೇ ಕೆಲಸಕ್ಕೆ ಬರೋದು.

ವಕೀಲರ ಫೀಸ್ ಬಗ್ಗೆ ಹೆದರ್ಬೇಡಿ. 15100ಕ್ಕೆ ಫೋನ್ ಮಾಡಿದ್ರೆ ಉಚಿತ ಕಾನೂನು ನೆರವು, ಹೆಣ್ಮಕ್ಕಳಿಗೆ, ಎಸ್‌ಸಿ ಎಸ್‌ಟಿಯೋರಿಗೆ, ಆದಾಯ ಕಮ್ಮಿ ಇರೋರಿಗೆ ಸಿಗುತ್ತೆ. ಊರಿಗೆ ಹೋಗ್ಲೇಬೇಕಾದ್ರೆ ಗುಂಪಿನ ಇಬ್ಬರಿಗೆ ಅಧಿಕಾರಪತ್ರ ಬರೆದುಕೊಟ್ಟು ಹೋಗಿ, ಎಷ್ಟೋ ಕೇಸು ತಾರೀಖಿಗೆ ಯಾರೂ ಹಾಜರಾಗದೇ ಬಿದ್ದುಹೋಗೋದು. ಇನ್ನು ಉಚಲ್ (ಮುಂಗಡ ಕೊಟ್ಟ ರೊಕ್ಕ) ತೀರೋ ತನಕ ಬಿಡಲ್ಲ ಅಂತ ಹಿಡಿದಿಟ್ಕೊಂಡ್ರೆ ಅದು ಜೀತ, 1976ರಲ್ಲೇ ನಿಷೇಧ ಆಗಿದೆ, ಆಗ ಕಾಯ್ಬೇಡಿ, ನೇರ ಪೊಲೀಸ್ ಮತ್ತು ತಹಶೀಲ್ದಾರರ ಹತ್ರ ಹೋಗಿ.

ಇದೇ ಪುಣೆಯಲ್ಲಿ ಹಮಾಲರು ಕಾರ್ಮಿಕ ಮುಖಂಡ ಬಾಬಾ ಆಢಾವ್ ಜೊತೆ ಸೇರಿ ಹಮಾಲ್ ಪಂಚಾಯತ್ ಅನ್ನೋ ತಮ್ಮ ಸಂಘಟನೆ ಕಟ್ಟಿದ್ರು. 1969ರಲ್ಲಿ ಮಹಾರಾಷ್ಟ್ರಕ್ಕೆ ಮಾಥಾಡಿ, ಅಂದ್ರೆ ಹೊರೆ ಹೊರೋ ಕೂಲಿಗಳ, ಕಾಯ್ದೆ ಬಂತು, ಅದರಲ್ಲಿ ವ್ಯಾಪಾರಿ ಕೂಲಿನ ಮಂಡಳಿಗೆ ಕಟ್ತಾನೆ, ಮಂಡಳಿ ಹಮಾಲನಿಗೆ ಕೊಡುತ್ತೆ, ನಡುವೆ ಹಿಡಿದಿಡೋಕೆ ಒಬ್ಬ ಮುಕಾದಮ ಇಲ್ಲ. ಕಟ್ಟಡ ಕೆಲಸಕ್ಕೂ ಇಂಥದ್ದೇ ಬೇಕು ಅಂತ ನಾನಂತೂ ಗಟ್ಟಿಯಾಗಿ ಹೇಳ್ತೀನಿ.

ಅದು ಬರೋ ತನಕ ನಾಕಾದಲ್ಲೇ ಎರಡು ಕಟ್ಟಲೆ ಮಾಡ್ಕೊಳ್ಳಿ. ಖರ್ಚಿ ಲೆಕ್ಕಕ್ಕೆ ಯಾರೂ ಒಪ್ಪಬಾರದು, ಶನಿವಾರ ಅಂದ್ರೆ ಶನಿವಾರ ಪೂರ್ತಿ ಹಿಸಾಬು, ಒಂದು ವಾರ ತಪ್ಪಿದ್ರೆ ಸೋಮವಾರ ಯಾರೂ ಸೈಟಿಗೆ ಹೋಗಬಾರದು, ಯಾಕಂದ್ರೆ ಒಂದು ವಾರದ ಬಾಕಿ ವಸೂಲಿ ಮಾಡೋದು ಆರು ತಿಂಗಳ ಬಾಕಿಗಿಂತ ಎಷ್ಟೋ ಹಗುರ. ಎರಡನೇದು, ಯಾರದ್ದಾದ್ರೂ ಬಾಕಿ ಇಟ್ಟಿರೋ ಮುಕಾದಮ ಬೆಳಗ್ಗೆ ಗಾಡಿ ತಂದು ನಿಲ್ಲಿಸಿದ್ರೆ ಆ ಬಾಕಿ ತೀರಿಸೋ ತನಕ ಯಾರೂ ಹತ್ತಬಾರದು, ಊರಿಂದ ಅವತ್ತೇ ಬಂದಿಳಿದೋರಿಗೆ ಈ ವಿಷಯ ಎಲ್ಲರಿಗಿಂತ ಮೊದಲು ಹೇಳಿ.