ಕೆನಡಾಗೆ ಹೋಗ್ದೇನೆ ಮಾತ್ರೆ ಬಿಲ್ ಇಳಿಸ್ಕೊಳೋದು ಹೆಂಗೆ

ಹಾಸನದಲ್ಲಿ ಎಷ್ಟೋ ಮನೇಲಿ ಮಕ್ಳು ಅಮೆರಿಕದಲ್ಲಿ, ಅಪ್ಪ ಅಮ್ಮ ಮತ್ತೆ ಮಾತ್ರೆ ಡಬ್ಬ ಇಲ್ಲಿ. ಅಲ್ಲಿ ಔಷಧಿ ರೇಟು ಯಾವ ಮಟ್ಟಕ್ಕೆ ಹೋಗಿದೆ ಅಂದ್ರೆ ಕೆಲವು ರಾಜ್ಯದೋರು ಕಮ್ಮಿ ರೇಟಿಗೆ ಸಿಗುತ್ತೆ ಅಂತ ಕೆನಡಾದಿಂದ ತರಿಸ್ತೀವಿ ಅಂತ ಕಾನೂನೇ ಮಾಡ್ಕೊಂಡ್ರು, 2018ರಲ್ಲಿ ಮೊದ್ಲು ವರ್ಮಾಂಟ್, 2019ರಲ್ಲಿ ಫ್ಲೋರಿಡಾ, ಆದ್ರೆ ಫ್ಲೋರಿಡಾಕ್ಕೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಗೆ ಸಿಕ್ಕಿದ್ದು 2024ರ ಜನವರೀಲಿ, ಅಷ್ಟೊತ್ತಿಗೆ ಕೆನಡಾದೋರು ನಮಗೇ ಕೊರತೆ ಆಗೋದಾದ್ರೆ ಹೊರಗೆ ಕಳ್ಸಂಗಿಲ್ಲ ಅಂತ 2020ರಲ್ಲೇ ರೂಲ್ಸ್ ಮಾಡಿ ಕೂತಿದ್ರು. ನಮಗೆ ಆ ತಾಪತ್ರಯ ಇಲ್ಲ ಬಿಡಿ.

ಮೊದ್ಲು ಸ್ಟ್ರಿಪ್ ತಿರುಗಿಸಿ, ಕನ್ನಡಕ ಹಾಕ್ಕೊಂಡು ಓದಿ. ದೊಡ್ಡಕ್ಷರದಲ್ಲಿರೋದು ಕಂಪ್ನಿ ಇಟ್ಟಿರೋ ಹೆಸ್ರು. ಇರುವೆ ಸಾಲಿನ ಥರ ಟೆಲ್ಮಿಸಾರ್ಟನ್ 40 ಎಂಜಿ ಅಂತ ಇರುತ್ತಲ್ಲ, ಅಸಲು ಔಷಧಿ ಅದು. ಪೂರ್ತಿ ಬರ್ಕೊಳಿ. ನಾನು ಅಮ್ಮನ ಬಿಪಿಗೆ ಅಂತ ಬರೀ ಟೆಲ್ಮಿಸಾರ್ಟನ್ ಬರ್ಕೊಂಡ್ಹೋಗಿ ತಂದೆ, ಮನೇಲಿ ನೋಡಿದ್ರೆ ಹಳೇ ಸ್ಟ್ರಿಪ್ಪಲ್ಲಿ ಜೊತೆಗೆ ಹೈಡ್ರೋಕ್ಲೋರೋಥಯಾಜೈಡ್ 12.5 ಅಂತಾನೂ ಇದೆ, ಮತ್ತೆ ಚಪ್ಲಿ ಮೆಟ್ಕೊಂಡು ವಾಪಸ್ ಓಡಿದ್ದಾಯ್ತು. ಶುಗರ್‌ದು ಮೆಟ್‌ಫಾರ್ಮಿನ್ ಆದ್ರೆ ಎಸ್‌ಆರ್, ಅಂದ್ರೆ ನಿಧಾನಕ್ಕೆ ಔಷಧಿ ಬಿಡೋ ಥರದ್ದು, ಇದ್ಯಾ ನೋಡಿ, ಅದೂ ಸಾದಾದೂ ಒಂದೇ ಅಲ್ಲ.

ಆಮೇಲೆ ಡಾಕ್ಟ್ರಿಗೆ "ಸಾರ್, ಜೆನೆರಿಕ್ ಹೆಸ್ರಲ್ಲೇ ಬರ್ದುಕೊಡಿ" ಅನ್ನಿ. ಅಂದ್ರೆ ಆ ಸಣ್ಣಕ್ಷರದ ಅಸಲು ಔಷಧಿ ಹೆಸ್ರು. ಮುಜುಗರ ಬೇಡ. ಚೀಟೀಲಿ ಬ್ರ್ಯಾಂಡ್ ಇದ್ರೆ ಅಂಗಡಿಯೋರು ತಾವಾಗೇ ಬೇರೆ ಕೊಡೋ ಹಾಗಿಲ್ಲ, ಕಾನೂನೇ ಹಂಗಿದೆ, ಅವ್ರ ಮೇಲೆ ರೇಗಿ ಪ್ರಯೋಜನ ಇಲ್ಲ. ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡೋ ವಾರ್ಫರಿನ್ ಇವನ್ನಂತೂ ಡಾಕ್ಟ್ರನ್ನ ಕೇಳ್ದೆ ಬದಲಾಯಿಸ್ಲೇಬೇಡಿ.

ಇನ್ನು ಜೆನೆರಿಕ್ ಮಾತ್ರೆ ಮಾರೋ ಜನೌಷಧಿ ಕೇಂದ್ರ, ಸರ್ಕಾರದವ್ರು 2008ರಲ್ಲಿ ಶುರು ಮಾಡಿದ ಸ್ಕೀಮು. ಬ್ರ್ಯಾಂಡಿಗಿಂತ ಅರ್ಧಕ್ಕೂ ಕಮ್ಮಿಗೆ ಸಿಗೋದು ಬೇಕಾದಷ್ಟಿದೆ. ಜನೌಷಧಿ ಸುಗಮ್ ಆ್ಯಪಲ್ಲಿ ಹತ್ರದ ಕೇಂದ್ರ, ರೇಟು ಎರಡೂ ಬರುತ್ತೆ. ಸಕಲೇಶಪುರ, ಅರಕಲಗೂಡು ಕಡೆಯಿಂದ ಹಾಸನಕ್ಕೆ ಬಸ್ ಹತ್ತೋರು ಮೊದ್ಲು ಫೋನ್ ಮಾಡಿ ಸ್ಟಾಕ್ ಕೇಳ್ಕೊಳಿ, ಬರೀ ಕೈಲಿ ವಾಪಸ್ ಹೋದ್ರೆ ಉಳಿಸಿದ್ದೆಲ್ಲ ಬಸ್ ಚಾರ್ಜಿಗೇ ಹೋಗುತ್ತೆ.

ಅಪರೂಪದ ಕಾಯಿಲೆಗೆ ಫಾರಿನ್ ಔಷಧೀನೇ ಬೇಕು ಅಂದ್ರೆ ನಮ್ಮಲ್ಲೂ ದಾರಿ ಇದೆ, ಸ್ವಂತ ಬಳಕೆಗೆ ಹೊರದೇಶದಿಂದ ತರಿಸ್ಕೊಳಕ್ಕೆ ಫಾರಂ 12ಎಯಲ್ಲಿ ಅರ್ಜಿ ಹಾಕಿ ಫಾರಂ 12ಬಿ ಪರ್ಮಿಟ್ ತಗೋಬೇಕು. ಸರ್ಕಾರದ ಪಟ್ಟೀಲಿರೋ ಅಪರೂಪದ ಕಾಯಿಲೆ ಆದ್ರೆ 2023ರ ಏಪ್ರಿಲ್ 1ರಿಂದ ಕಸ್ಟಮ್ಸ್ ಸುಂಕಾನೂ ಇಲ್ಲ, ಅದಕ್ಕೆ ಆರೋಗ್ಯ ಇಲಾಖೆ ಅಧಿಕಾರಿ ಸರ್ಟಿಫಿಕೇಟ್ ಬೇಕು.

ಹಾಂ, ಸ್ಟ್ರಿಪ್ ಕತ್ತರಿಸಿ ಕೊಟ್ರೆ ಎಕ್ಸ್‌ಪೈರಿ ಡೇಟ್ ಇರೋ ತುಂಡೇ ಕೇಳಿ ಇಸ್ಕೊಳಿ.