ಎಡ್ಡಿ ಮರ್ಫಿ ಅವರ ಚಿತ್ರಗಳನ್ನು ಯಾವ ಕ್ರಮದಲ್ಲಿ ನೋಡಬೇಕು, ಏನನ್ನು ಗಮನಿಸಬೇಕು

ವೇದಿಕೆಯ ಮೇಲೆ ಒಬ್ಬರೇ ನಿಂತು ನಗಿಸುವ ಕಲಾವಿದರು ಸಿನಿಮಾ ತಾರೆಯಾಗಿ ಬೆಳೆಯುವ ಬಗೆಯನ್ನು ಅರಿಯಬಯಸುವ ನಟರಿಗೆ, ಹಾಸ್ಯ ಬರೆಯುವವರಿಗೆ ಅಮೆರಿಕದ ಹಾಸ್ಯನಟ ಎಡ್ಡಿ ಮರ್ಫಿ ಅವರ ವೃತ್ತಿಜೀವನಕ್ಕಿಂತ ಒಳ್ಳೆಯ ಪಾಠ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ನಂಬಿಕೆ. ಆದರೆ ಅವರ ಚಿತ್ರಗಳನ್ನು ಕೈಗೆ ಸಿಕ್ಕ ಹಾಗೆ ನೋಡುತ್ತ ಹೋದರೆ ಆ ಪಾಠ ದಕ್ಕುವುದಿಲ್ಲ. ವೇದಿಕೆಯ ಕಾರ್ಯಕ್ರಮಗಳನ್ನೂ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು, ಮತ್ತು ಪ್ರತಿಯೊಂದು ಚಿತ್ರದಲ್ಲೂ ಒಂದೇ ಪ್ರಶ್ನೆಯನ್ನು ಕೇಳಿಕೊಳ್ಳಬೇಕು: ಈ ದೃಶ್ಯದೊಳಗೆ ಅವರ ಮಾತಿಗೆ ಕಿವಿಗೊಟ್ಟಿರುವವರು ಯಾರು? ಪಾತ್ರಕ್ಕೆ ಕಥೆಯೊಳಗೇ ಒಂದು ಸಭೆ ದೊರೆತ ಕಡೆಗಳಲ್ಲೆಲ್ಲ ಮರ್ಫಿ ಬೆಳಗುತ್ತಾರೆ. ದೊರೆಯದ ಕಡೆಗಳಲ್ಲಿ ಮಂಕಾಗುತ್ತಾರೆ.

ಮೊದಲು ನೋಡಬೇಕಾದದ್ದು ಸಿನಿಮಾವಲ್ಲ, 1983ರಲ್ಲಿ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿ ಚಿತ್ರೀಕರಿಸಿದ 'ಡೆಲಿರಿಯಸ್' ಎಂಬ ವೇದಿಕೆ ಕಾರ್ಯಕ್ರಮ. 1961ರಲ್ಲಿ ಬ್ರೂಕ್ಲಿನ್‌ನಲ್ಲಿ ಹುಟ್ಟಿದ ಮರ್ಫಿ, ಹದಿಹರೆಯದಲ್ಲೇ ಕ್ಲಬ್ಬುಗಳಲ್ಲಿ ನಗಿಸಲು ತೊಡಗಿ, 1980ರಲ್ಲಿ 19ನೆಯ ವಯಸ್ಸಿಗೆ 'ಸ್ಯಾಟರ್ಡೇ ನೈಟ್ ಲೈವ್' ಎಂಬ ಟಿವಿ ಕಾರ್ಯಕ್ರಮದ ತಂಡವನ್ನು ಸೇರಿದ್ದರು. 'ಡೆಲಿರಿಯಸ್'ಗಿಂತ ಮೊದಲೇ ಅವರ ಎರಡು ಚಿತ್ರಗಳು ತೆರೆಕಂಡಿದ್ದವಾದರೂ, ಅವರ ಸಾಮಗ್ರಿ ಏನೆಂಬುದು ಬಿಡಿಬಿಡಿಯಾಗಿ ಕಾಣುವುದು ಈ ವೇದಿಕೆಯಲ್ಲೇ. ಕುಟುಂಬವೆಲ್ಲ ಸೇರಿ ಹಿತ್ತಿಲಲ್ಲಿ ಮಾಂಸ ಸುಡುವ ಭಾಗವನ್ನು ಆರಿಸಿಕೊಳ್ಳಿ. ಕುಡಿದ ಅಪ್ಪ, ಗಸ್ ಮಾಮ, ಮೆಟ್ಟಿಲಿಂದ ಉರುಳಿ ಬೀಳುವ ಬನ್ನಿ ಅತ್ತೆ, ಎಲ್ಲರೂ ಒಬ್ಬನೇ ಮನುಷ್ಯನ ಮೈಯಿಂದ ಎದ್ದು ಬರುತ್ತಾರೆ. ಒಂದೇ ತಾಳ ಹಿಡಿದು ರಾಮನೂ ಮಂಥರೆಯೂ ತಾನೇ ಆಗುವ ಹರಿಕಥೆ ದಾಸರನ್ನು ಕಂಡ ಕನ್ನಡಿಗರಿಗೆ ಈ ವಿದ್ಯೆ ಹೊಸದೆನಿಸದು. ಈ ಭಾಗವನ್ನು ಒಮ್ಮೆ ಧ್ವನಿ ಆರಿಸಿ ನೋಡಿ, ಆಮೇಲೆ ಕಣ್ಣು ಮುಚ್ಚಿ ಕೇಳಿ. ಎರಡೂ ಬಾರಿ ಯಾವ ಪಾತ್ರ ಯಾವಾಗ ಬಂದಿತೆಂದು ನಿಮಗೆ ತಪ್ಪದೆ ತಿಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಈ ಕಾರ್ಯಕ್ರಮದ ಭಾಷೆ ಬಹಳ ಒರಟು. ಮಕ್ಕಳೊಂದಿಗೆ ಕುಳಿತು ನೋಡುವಂಥದ್ದಲ್ಲ. ಸಲಿಂಗಿಗಳ ಬಗ್ಗೆ, ಏಡ್ಸ್ ಬಗ್ಗೆ ಆಡಿದ ಮಾತುಗಳು ನೋವುಂಟುಮಾಡುವಂಥವು, ಮತ್ತು ಅವಕ್ಕಾಗಿ ಮರ್ಫಿ 1996ರಲ್ಲಿ ಬಹಿರಂಗವಾಗಿ ಕ್ಷಮೆ ಕೇಳಿದರು. ಆ ಭಾಗಗಳನ್ನು ದಾಟಿ ಮುಂದೆ ಹೋದರೆ ಕಲಿಕೆಗೆ ಏನೂ ಕೊರತೆಯಾಗದು.

ಅನಂತರ 1982ರ '48 ಅವರ್ಸ್'ಗೆ ಬನ್ನಿ. ಇದು ಅವರ ಮೊದಲ ಚಿತ್ರ. ಎದುರಿಗಿದ್ದವರು ಅನುಭವಿ ನಟ ನಿಕ್ ನೋಲ್ಟಿ. ಎರಡು ದಿನದ ಮಟ್ಟಿಗೆ ಜೈಲಿನಿಂದ ಹೊರಬಂದ ಕಪ್ಪು ಕೈದಿಯಾಗಿ ಮರ್ಫಿ, ಬಿಳಿಯರೇ ತುಂಬಿದ ಮದ್ಯದಂಗಡಿಗೆ ಪೊಲೀಸನಂತೆ ನಟಿಸುತ್ತ ನುಗ್ಗುವ ದೃಶ್ಯವೇ ಅವರನ್ನು ತಾರೆಯಾಗಿಸಿತೆಂದು ಹೇಳಬಹುದು. ಆ ದೃಶ್ಯದ ಕಟ್ಟಣೆಯನ್ನು ನಿಧಾನವಾಗಿ ಬಿಡಿಸಿ ನೋಡಿ. ಪ್ರತಿಕೂಲವಾದ ಒಂದು ಸಭೆ ಇದೆ, ಒಳಗೆ ಬರುವವನ ಕೈಯಲ್ಲಿ ಮಾತನ್ನು ಬಿಟ್ಟರೆ ಹೇಳಿಕೊಳ್ಳುವಂಥ ಆಯುಧವಿಲ್ಲ, ಕೆಲವೇ ನಿಮಿಷಗಳಲ್ಲಿ ಇಡೀ ಕೋಣೆಯನ್ನು ಅವನು ತನ್ನ ಹಿಡಿತಕ್ಕೆ ತಂದುಕೊಳ್ಳಬೇಕು. ಕ್ಲಬ್ಬಿನಲ್ಲಿ ಮೈಕಿನ ಮುಂದೆ ನಿಲ್ಲುವ ಹೊಸಬನ ಸ್ಥಿತಿಯೂ ಇದೇ ಅಲ್ಲವೇ? ಮರುವರ್ಷದ 'ಟ್ರೇಡಿಂಗ್ ಪ್ಲೇಸಸ್'ನಲ್ಲಿ ಕುರುಡ, ಕಾಲಿಲ್ಲದ ಮಾಜಿ ಸೈನಿಕನಂತೆ ನಟಿಸುವ ಭಿಕ್ಷುಕ ಪೊಲೀಸರ ಮುಂದೆ ಸಿಕ್ಕಿಬೀಳುವ ದೃಶ್ಯವೂ ಇದೇ ಜಾತಿಯದು.

1984ರ 'ಬೆವರ್ಲಿ ಹಿಲ್ಸ್ ಕಾಪ್'ನ ನಾಯಕನ ಪಾತ್ರಕ್ಕೆ ಮೊದಲು ಗೊತ್ತಾಗಿದ್ದವರು ಸಿಲ್ವೆಸ್ಟರ್ ಸ್ಟಲ್ಲೋನ್. ಅವರು ಬಿಟ್ಟ ಮೇಲೆ ಹೊಡೆದಾಟದ ಕಥೆ ಮಾತಿನ ಕಥೆಯಾಯಿತು. ಹೋಟೆಲಿನ ಸ್ವಾಗತ ಕಟ್ಟೆಯ ಮುಂದಿನ ದೃಶ್ಯದಲ್ಲಿ ಕೋಣೆ ಖಾಲಿಯಿಲ್ಲವೆಂದಾಗ ನಾಯಕ ತಾನು ಮೈಕೆಲ್ ಜಾಕ್ಸನ್ ಸಂದರ್ಶನಕ್ಕೆ ಬಂದ ಪತ್ರಕರ್ತನೆಂದು ಸುಳ್ಳು ಹೇಳಿ, ಬಣ್ಣದ ಕಾರಣಕ್ಕೆ ತನ್ನನ್ನು ಹೊರಗಿಡುತ್ತಿದ್ದಾರೆಂದು ಸುತ್ತಲಿನವರಿಗೆಲ್ಲ ಕೇಳುವಂತೆ ದನಿ ಏರಿಸುತ್ತಾನೆ. ಅವನು ಮಾತಾಡುತ್ತಿರುವುದು ಗುಮಾಸ್ತೆಯೊಂದಿಗೆ, ಆದರೆ ಆಡುತ್ತಿರುವುದು ಅಲ್ಲಿ ನಿಂತ ಅತಿಥಿಗಳಿಗಾಗಿ. ನೋಡುವಾಗ ಮರ್ಫಿ ಅವರ ಮುಖದಿಂದ ಕಣ್ಣು ತೆಗೆದು ಹಿಂದಿರುವವರ ಮುಖಗಳನ್ನು ಗಮನಿಸಿ.

1987ರ 'ರಾ' ಚಿತ್ರಮಂದಿರಗಳಲ್ಲೇ ತೆರೆಕಂಡ ವೇದಿಕೆ ಕಾರ್ಯಕ್ರಮ, ಸಮಯವಿದ್ದರೆ ನೋಡಬಹುದು. ಅದಕ್ಕಿಂತ ಮುಖ್ಯವಾದದ್ದು 1988ರ 'ಕಮಿಂಗ್ ಟು ಅಮೆರಿಕ'. ಅದರ ಕ್ಷೌರದಂಗಡಿಯಲ್ಲಿ ರಾಜಕುಮಾರನೂ ಮುದುಕ ಕ್ಷೌರಿಕನೂ ಬಿಳಿಯ ಯಹೂದಿ ವೃದ್ಧನೂ ಮರ್ಫಿ ಅವರೇ. ವೇದಿಕೆಯ ಮೇಲೆ ಕಂಠದಿಂದ ಮಾತ್ರ ಹುಟ್ಟುತ್ತಿದ್ದ ಜನರಿಗೆ ಇಲ್ಲಿ ಪ್ರಸಾಧನ ಕಲಾವಿದ ರಿಕ್ ಬೇಕರ್ ಚರ್ಮ, ಕೂದಲು, ಸುಕ್ಕುಗಳನ್ನು ಕೊಟ್ಟರು.

ಈ ದಾರಿ ತುದಿ ಮುಟ್ಟಿದ್ದು 1996ರ 'ದಿ ನಟ್ಟಿ ಪ್ರೊಫೆಸರ್'ನಲ್ಲಿ. ನಿಮ್ಮ ಹೆಚ್ಚಿನ ಸಮಯವನ್ನು ಇದಕ್ಕೇ ಮೀಸಲಿಡಿ. ಮರ್ಫಿ ಒಬ್ಬರೇ ಆಡಿದ ಏಳು ಪಾತ್ರಗಳಲ್ಲಿ ಐದು ಒಂದೇ ಊಟದ ಮೇಜಿನ ಸುತ್ತ ಕುಳಿತಿವೆ: ಮಗ, ಅಪ್ಪ, ಅಮ್ಮ, ಅಜ್ಜಿ, ಅಣ್ಣ. ಒಂದು ಪಾತ್ರ ಮಾತಾಡುವಾಗ ಉಳಿದವು ಕೇಳಬೇಕು, ತಡೆಯಬೇಕು, ಮುನಿಯಬೇಕು. ಎದುರಿಗೆ ಇಲ್ಲದವರಿಗೆ ಉತ್ತರಿಸುತ್ತ, ಎಲ್ಲವನ್ನೂ ಬೇರೆ ಬೇರೆಯಾಗಿ ನಟಿಸಿ ಜೋಡಿಸಬೇಕು. 'ಡೆಲಿರಿಯಸ್'ನ ಹಿತ್ತಿಲ ಕುಟುಂಬವನ್ನು ಈಗ ಮತ್ತೊಮ್ಮೆ ನೋಡಿದರೆ, 13 ವರ್ಷಗಳ ಹಿಂದೆ ಬರಿಗೈಯಲ್ಲಿ ಮಾಡಿದ್ದೇ ಇಲ್ಲಿ ತಂತ್ರಜ್ಞಾನದ ನೆರವಿನಿಂದ ಮರಳಿ ಬಂದಿದೆಯೆಂಬುದು ಸ್ಪಷ್ಟವಾಗುತ್ತದೆ. ಕ್ಲಬ್ಬಿನ ದೃಶ್ಯವನ್ನೂ ಬಿಡಬೇಡಿ. ಡೇವ್ ಚಾಪೆಲ್ ಅಭಿನಯಿಸಿದ ಹಾಸ್ಯಗಾರ ಸಭೆಯಲ್ಲಿ ಕುಳಿತ ದಪ್ಪ ದೇಹದ ಪ್ರೊಫೆಸರನ್ನು ಹೀಯಾಳಿಸುವಾಗ, ನಗೆಯ ಪೆಟ್ಟು ತಿನ್ನುವವನ ಮುಖದಲ್ಲಿ ಮರ್ಫಿ ತೋರುವ ಅಸಹಾಯಕತೆ ಅವರ ಅತ್ಯಂತ ಮನಕಲಕುವ ಅಭಿನಯಗಳಲ್ಲೊಂದು. ವೇದಿಕೆಯ ಒಡೆಯನಾಗಿದ್ದವರು ಇಲ್ಲಿ ಪ್ರೇಕ್ಷಕರ ಕುರ್ಚಿಯ ಕಷ್ಟವನ್ನು ತೋರಿಸುತ್ತಾರೆ. ಆ ವರ್ಷದ ಪ್ರಸಾಧನದ ಆಸ್ಕರ್ ಈ ಚಿತ್ರಕ್ಕೆ ಬಂತು. ಅಭಿನಯಕ್ಕೆ ನಾಮನಿರ್ದೇಶನವೂ ಬರಲಿಲ್ಲ, ಅದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ಸೋತ ಚಿತ್ರವೊಂದನ್ನಾದರೂ ನೋಡುವುದು ಒಳ್ಳೆಯದು. 2002ರ 'ಪ್ಲೂಟೊ ನ್ಯಾಶ್'ಗೆ ಸುಮಾರು 10 ಕೋಟಿ ಡಾಲರ್ ಖರ್ಚಾಗಿ, ಒಂದು ಕೋಟಿಯೂ ಮರಳಲಿಲ್ಲ. ಚಂದ್ರನ ಮೇಲಿನ ದೊಡ್ಡ ದೊಡ್ಡ ಸೆಟ್ಟುಗಳ ನಡುವೆ ಅವರ ಮಾತಿಗೆ ಸೋಲುವವರಾಗಲಿ, ಸಿಡುಕುವವರಾಗಲಿ ಯಾರೂ ಇಲ್ಲ. ಒಂದು ವರ್ಷ ಹಿಂದಿನ 'ಶ್ರೆಕ್' ಎಂಬ ಅನಿಮೇಷನ್ ಚಿತ್ರದಲ್ಲಾದರೋ ಅವರ ಮುಖವೇ ಇಲ್ಲ, ಕತ್ತೆಯ ಧ್ವನಿ ಮಾತ್ರ. ಆದರೂ ಗೆಲ್ಲುತ್ತದೆ, ಏಕೆಂದರೆ ಆ ವಟವಟವನ್ನು ಒಲ್ಲದ ಮನಸ್ಸಿನಿಂದ ಕೇಳಲೇಬೇಕಾದ ಶ್ರೆಕ್ ಪಕ್ಕದಲ್ಲೇ ನಡೆಯುತ್ತಿರುತ್ತಾನೆ.

2006ರ 'ಡ್ರೀಮ್‌ಗರ್ಲ್ಸ್'ನ ಗಾಯಕನ ಪಾತ್ರ ಅವರಿಗೆ ಗೋಲ್ಡನ್ ಗ್ಲೋಬ್ ಪ್ರಶಸ್ತಿ ತಂದಿತು. ಅದನ್ನು ನೋಡುವ ಮುನ್ನ ಟಿವಿ ದಿನಗಳಲ್ಲಿ ಅವರು ಮಾಡಿದ ಗಾಯಕ ಜೇಮ್ಸ್ ಬ್ರೌನ್ ಅನುಕರಣೆಯನ್ನು ನೋಡಿಕೊಂಡರೆ, ಅಣಕ ಗಂಭೀರ ಪಾತ್ರವಾಗಿ ಮಾಗಿದ ಬಗೆ ಕಾಣುತ್ತದೆ.

ಕೊನೆಯಲ್ಲಿ 2019ರ 'ಡೋಲಮೈಟ್ ಈಸ್ ಮೈ ನೇಮ್' ಇರಲಿ. ಇದರಲ್ಲಿ ಮರ್ಫಿ, ತನ್ನ ಹಾಸ್ಯದ ಗ್ರಾಮಫೋನ್ ತಟ್ಟೆಗಳನ್ನು ತಾನೇ ಮಾರಿ, 1975ರಲ್ಲಿ ಛಲದಿಂದ ಸಿನಿಮಾ ಮಾಡಿದ ನಿಜಜೀವನದ ಹಾಸ್ಯಗಾರ ರೂಡಿ ರೇ ಮೂರ್ ಆಗಿ ಅಭಿನಯಿಸಿದ್ದಾರೆ. ಚಿತ್ರಮಂದಿರದಲ್ಲಿ ಬಿಳಿಯರೆಲ್ಲ ನಗುತ್ತಿರುವಾಗ ತನಗೂ ತನ್ನ ಗೆಳೆಯರಿಗೂ ನಗು ಬಾರದೆ, ನಮ್ಮ ಜನ ನಗುವಂಥ ಚಿತ್ರವನ್ನು ನಾವೇ ಮಾಡಬೇಕೆಂದು ಅವನು ಯೋಚಿಸುವ ದೃಶ್ಯವನ್ನು ಎರಡು ಸಲ ನೋಡಿ. ಅದೇ ಡಿಸೆಂಬರಿನಲ್ಲಿ ಮರ್ಫಿ 35 ವರ್ಷಗಳ ಬಳಿಕ 'ಸ್ಯಾಟರ್ಡೇ ನೈಟ್ ಲೈವ್'ನ ನಿರೂಪಕರಾಗಿ ಮರಳಿದರು, ಅದಕ್ಕೆ ಎಮ್ಮಿ ಪ್ರಶಸ್ತಿಯೂ ಬಂದಿತು. ಚಿತ್ರ ಮುಗಿದ ಮೇಲೆ ಆ ಸಂಚಿಕೆಯನ್ನೂ ನೋಡಿ. ಇಷ್ಟಕ್ಕೆಲ್ಲ ಬಿಡುವಿಲ್ಲದವರು '48 ಅವರ್ಸ್'ನ ಮದ್ಯದಂಗಡಿ, 'ಡೆಲಿರಿಯಸ್'ನ ಹಿತ್ತಿಲು, 'ನಟ್ಟಿ ಪ್ರೊಫೆಸರ್'ನ ಊಟದ ಮೇಜು, ಈ ಮೂರನ್ನು ಒಂದೇ ಸಂಜೆ ಬೆನ್ನುಬೆನ್ನಿಗೆ ನೋಡಬಹುದು.